ತಾಯಿಮೊಲ ಮರಿಗಳ ಬಳಿ ಸುಳಿಯುತ್ತಿಲ್ಲ

ಪ್ರಶ್ನೆ: ನಮ್ಮ ಮೊಲ ಮೊದಲ ಸಲ ಐದು ಮರಿ ಹಾಕಿದೆ. ಹಗಲಿಡೀ ಅವುಗಳ ಹತ್ತಿರ ಹೋಗುವುದೇ ಇಲ್ಲ. ದನದ ಹಾಲು ಕುಡಿಸಬಹುದೇ?
– ಓದುಗರೊಬ್ಬರು, ಮಣಿಪಾಲ

ಉತ್ತರ: ದನದ ಹಾಲು ಬೇಡವೇ ಬೇಡ, ಭೇದಿ ಹಿಡಿದು ಮರಿಗಳು ಸಾಯುತ್ತವೆ. ಮೊಲ ಹಾಲೂಡುವುದೇ ದಿನಕ್ಕೆ ಒಂದೆರಡು ಸಲ, ಅದೂ ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ, ಮೂರ್ನಾಲ್ಕು ನಿಮಿಷ ಮಾತ್ರ. ಬೆಳಿಗ್ಗೆ ಕೈ ತೊಳೆದು ಒಂದೊಂದೇ ಮರಿಯನ್ನು ಎತ್ತಿ ನೋಡಿ. ಹೊಟ್ಟೆ ದುಂಡಗಿದ್ದು ಮೈ ಬೆಚ್ಚಗಿದ್ದರೆ ಚಿಂತೆಯಿಲ್ಲ. ಹೊಟ್ಟೆ ಒಳಹೋಗಿ ಚರ್ಮ ಸುಕ್ಕಾಗಿದ್ದರೆ ಹಾಲು ಸಿಕ್ಕಿಲ್ಲ ಎಂದರ್ಥ. ಎಲ್ಲವೂ ಹಾಗಿದ್ದರೆ ಅಂದೇ ಪಶುವೈದ್ಯರಿಗೆ ತೋರಿಸಿ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎನ್ನುವುದು ಸಾಕುಮೊಲದ ಮಟ್ಟಿಗೆ ಸುಳ್ಳು.

ಗೂಡಿಗೆ ಸುಮಾರು 18 ಇಂಚು ಉದ್ದ, 12 ಇಂಚು ಅಗಲದ ಪೆಟ್ಟಿಗೆ ಸಾಕು. ಮುಂಬದಿ ಐದಾರು ಇಂಚು ಎತ್ತರವಿರಲಿ: ತಾಯಿ ಹಾರಬೇಕು, ಮರಿ ಹೊರಬೀಳಬಾರದು. ಒಣ ಬೈಹುಲ್ಲು ಹಾಸಿ, ತಾಯಿ ಕಿತ್ತ ತುಪ್ಪಳವನ್ನು ಮೇಲೆ ಹೊದಿಸಿ. ಮಳೆಗಾಲದಲ್ಲಿ ಹುಲ್ಲಿಗೆ ಬೂಷ್ಟು ಬರುತ್ತದೆ, ಒದ್ದೆಯಾದದ್ದನ್ನು ಆಗಾಗ ಬದಲಿಸಿ. ನಮ್ಮ ಕರಾವಳಿಯ ಮನೆಗಳಲ್ಲಿ ಇರುವೆಯೇ ದೊಡ್ಡ ಶತ್ರು. ಗೂಡಿಟ್ಟ ಸ್ಟೂಲಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಹೊರಗೆ ಬಿದ್ದು ತಣ್ಣಗಾದ ಮರಿಯನ್ನು ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿ, ನಂತರ ಗೂಡಿಗೆ ಸೇರಿಸಿ. ಸತ್ತದ್ದನ್ನು ಕೂಡಲೇ ತೆಗೆಯಿರಿ.

ಗಂಡುಮೊಲ ಜೊತೆಗಿದ್ದರೆ ಇವತ್ತೇ ಬೇರೆ ಮಾಡಿ. ಹೆತ್ತ ದಿನವೇ ಮತ್ತೆ ಗಬ್ಬವಾಗಬಹುದು. ತಾಯಿಗೆ ನೀರು, ಒಣಹುಲ್ಲು ಸದಾ ಇರಲಿ. ಮರಿಗಳು ಕಣ್ಣು ಬಿಡುವುದು 10–12 ದಿನಕ್ಕೆ.