ಕಾಫಿ ಕಣಕ್ಕೆ ಪಿಪಿಸಿ ಸಿಮೆಂಟ್ ಧಾರಾಳವಾಗಿ ಹಾಕಿಸಿ

ಮೂಡಿಗೆರೆ ಹತ್ತಿರ ಕಾಫಿ ಒಣಗಿಸೋ ಕಣ ಮಾಡಿಸ್ತಿದ್ದೀನಿ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್ ಕಲಬೆರಕೆ ಅಂತ ಮೇಸ್ತ್ರಿ ಬೇಡ ಅಂತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಧೈರ್ಯವಾಗಿ ಹಾಕಿಸಿ ಸರ್. ಅದು ಕಲಬೆರಕೆ ಅಲ್ಲ. ಶೇ. 15ರಿಂದ 35ರಷ್ಟು ಬೂದಿಗೆ ಐಎಸ್ 1489 ಅನ್ನೋ ಭಾರತೀಯ ಮಾನದಂಡದಲ್ಲೇ ಜಾಗ ಇದೆ. ಸಿಮೆಂಟಿಗೆ ನೀರು ಬಿದ್ದಾಗ ಹೊರಬರೋ ಸುಣ್ಣದ ಜೊತೆ ಈ ಬೂದಿ ಕೂಡಿ ಇನ್ನಷ್ಟು ಅಂಟು ಕಟ್ಟುತ್ತೆ, ಸಣ್ಣ ಸಣ್ಣ ರಂಧ್ರ ಮುಚ್ಚುತ್ತೆ. ಉಷ್ಣ ವಿದ್ಯುತ್ ಸ್ಥಾವರದ ಬೂದಿಗೂ ಒಂದು ಒಳ್ಳೆ ದಾರಿ ಆಯ್ತು, ಅಷ್ಟು ಕ್ಲಿಂಕರ್ (ಸುಣ್ಣಕಲ್ಲು ಸುಟ್ಟು ಮಾಡೋ ಸಿಮೆಂಟಿನ ಮೂಲ ಗಟ್ಟಿ) ಸುಡೋದೂ ತಪ್ಪಿತು. ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಕಿಟ್ಟ) ಬೆರೆಸಿದ ಸಿಮೆಂಟ್ ಸಿಕ್ಕರೂ ಸರಿಯೇ.

ಆದರೆ ಬೂದಿಯ ಕೆಲಸ ನಿಧಾನ, ಎಲ್ಲಾ ಇರೋದು ಕ್ಯೂರಿಂಗ್‌ನಲ್ಲೇ, ಅಂದ್ರೆ ಹಾಕಿದ ಕಾಂಕ್ರೀಟ್ ಒಣಗದ ಹಾಗೆ ನೀರುಣಿಸೋದ್ರಲ್ಲೇ. ಸಕಲೇಶಪುರದ ನಮ್ಮ ಕಣಕ್ಕೆ ನಾಲ್ಕೇ ದಿನ ನೀರು ಬಿಟ್ಟಿದ್ವಿ. ಆ ವರ್ಷ ಪೊರಕೆ ಆಡಿಸಿದಾಗಲೆಲ್ಲ ಬೂದುಬಣ್ಣದ ಪುಡಿ ಎದ್ದು ಪಾರ್ಚ್‌ಮೆಂಟ್ (ತಿರುಳು ತೆಗೆದ, ಒಳಸಿಪ್ಪೆ ಇರೋ ಕಾಫಿ ಬೀಜ) ಮೇಲೆ ಕೂರ್ತಿತ್ತು, ನೋಡಿ ಹೊಟ್ಟೆ ಉರಿಯೋದು. ನೀವು ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿ. 10 ದಿನಕ್ಕೆ ಕಡಿಮೆ ಬೇಡ, 14 ಆದರೆ ಇನ್ನೂ ಒಳ್ಳೇದು. ಕೊಯ್ಲಿಗೆ ಒಂದು ತಿಂಗಳ ಮುಂಚೆಯೇ ಕೆಲಸ ಮುಗಿಸಿ. ಸಲೀಸಾಗಲಿ ಅಂತ ಕಲಸುವಾಗ ಜಾಸ್ತಿ ನೀರು ಸುರಿಯೋಕೆ ಮಾತ್ರ ಬಿಡಬೇಡಿ.