ವಾರಕ್ಕೊಮ್ಮೆ ನೀರು ಬರುವ ಮನೆ ಮುಂದೆ ಯಾವ ಹೂಗಿಡ ಹಾಕಬಹುದು?

ನಲ್ಲಿ ನೀರು ವಾರಕ್ಕೊಮ್ಮೆ, ಮನೆ ಮುಂದೆ ಇಡೀ ದಿನ ಬಿಸಿಲು, ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಹೂ ಬಿಡುವ ಗಿಡ ಬೇಕು ಅಂತ ಕೇಳಿದ್ದೀರಿ. ನಮ್ಮದು ಚಳ್ಳಕೆರೆ ಕಡೆ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ ಖುಷಿಪಡುವ ಜನ ನಾವು, ಹಾಗಾಗಿ ನಿಮ್ಮ ಕಷ್ಟ ಅರ್ಥವಾಗುತ್ತದೆ.

ಗಿಡದ ಹೆಸರಿಗಿಂತ ಮೊದಲು ನೀರಿನ ಮಾತು. ಬರ ತಡೆಯುವ ಗಿಡ ಅಂದರೆ ನೆಟ್ಟ ದಿನದಿಂದಲೇ ನೀರು ಬೇಡ ಅಂತಲ್ಲ. ಮೊದಲ ಬೇಸಿಗೆ ದಾಟುವವರೆಗೆ ನೋಡಿಕೊಳ್ಳಬೇಕು. ಆದರೆ ಹೇಗೆ ಅನ್ನುವುದರಲ್ಲೇ ನಾನು ಎಡವಿದ್ದು. ಕಾಗದದ ಹೂವಿನ ಗಿಡ ಹಾಕಿ ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಹಾಕುತ್ತಿದ್ದೆ. ಎಲೆ ಸೊಂಪಾಗಿ ಬಂತು, ಹೂ ಮಾತ್ರ ಒಂದೂ ಇಲ್ಲ. ತಂಗಿ ಮನೆಗೆ ಹೋಗಿ 20-25 ದಿನ ಬಿಟ್ಟು ಬಂದು ನೋಡಿದರೆ ಅರ್ಧ ಎಲೆ ಉದುರಿ ತುದಿಗಳಲ್ಲಿ ಬಣ್ಣ ಇಣುಕುತ್ತಿತ್ತು! ದಿನಾ ಚೊಂಬು ನೀರು ಹಾಕಿದರೆ ಮೇಲಿನ ಎರಡು ಇಂಚು ಮಣ್ಣು ಮಾತ್ರ ನೆನೆಯುತ್ತದೆ, ಬೇರೂ ಅಲ್ಲೇ ಉಳಿಯುತ್ತದೆ. ಅದರ ಬದಲು ಅಗಲವಾಗಿ ಪಾತಿ ಮಾಡಿ ವಾರಕ್ಕೊಂದು ಬಕೆಟ್ ನೀರನ್ನು ನಿಧಾನವಾಗಿ ಇಂಗಿಸಿ. ಬೇರು ನೀರು ಹುಡುಕಿಕೊಂಡು ಕೆಳಗಿಳಿಯುತ್ತದೆ. ನಿಮ್ಮ ನಲ್ಲಿಯ ಲೆಕ್ಕಕ್ಕೆ ಇದು ಸರಿಹೋಗುತ್ತದೆ ಅಲ್ವಾ?

ಪಾತಿಯ ಮೇಲೆ ಒಣ ಎಲೆ ಹೊದಿಸಿ. ನಮ್ಮೂರಲ್ಲಿ ಕಡಲೆಕಾಯಿ ಸಿಪ್ಪೆಗೆ ಬರವಿಲ್ಲ, ನಾನು ಅದನ್ನೇ ಹಾಕುವುದು. ಕಾಂಡದಿಂದ ನಾಲ್ಕು ಬೆರಳು ದೂರ ಇರಲಿ, ಇಲ್ಲದಿದ್ದರೆ ಗೆದ್ದಲು ಸೀದಾ ಗಿಡಕ್ಕೇ ಬರುತ್ತದೆ. ಅಕ್ಕಿ, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ. ಬಟ್ಟೆ ಒಗೆದ ಸೋಪಿನ ನೀರು ಬೇಡ.

ಇನ್ನು ಗಿಡಗಳು. ನನ್ನ ಮೊದಲ ಆಯ್ಕೆ ಕಣಗಿಲೆ. ಹೆದ್ದಾರಿಯ ನಡುವೆ ಟ್ರಕ್ಕಿನ ಹೊಗೆ ಕುಡಿದುಕೊಂಡು ಹೂ ಬಿಡುವ ಗಿಡ ಅದು, ಸ್ವಲ್ಪ ಉಪ್ಪು ನೀರನ್ನೂ ತಡೆದುಕೊಳ್ಳುತ್ತದೆ. ದನ, ಮೇಕೆ ಮುಟ್ಟುವುದಿಲ್ಲ, ಯಾಕೆಂದರೆ ಇಡೀ ಗಿಡವೇ ವಿಷ. ಮನೆಯಲ್ಲಿ ಸಿಕ್ಕಿದ್ದು ಬಾಯಿಗೆ ಹಾಕುವ ಮಗು ಇದ್ದರೆ ಈ ಗಿಡ ಬಿಟ್ಟುಬಿಡಿ. ಸವರಿದ ಕಡ್ಡಿಯನ್ನು ಒಲೆಗೂ ಹಾಕಬೇಡಿ, ಅದರ ಹೊಗೆಯೂ ಕೆಟ್ಟದ್ದು. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ, ಹಾಗಾಗಿ ವರ್ಷಕ್ಕೊಮ್ಮೆ ಸವರಲೇಬೇಕು. ಕಾಗದದ ಹೂವಿಗೂ ಅಷ್ಟೇ, ಒಂದು ಸುತ್ತು ಹೂ ಮುಗಿದ ಮೇಲೆ ಕತ್ತರಿ ಹಾಕಿ. ಅಂದಹಾಗೆ, ಅದರಲ್ಲಿ ನಾವು ಹೂ ಅನ್ನುವುದು ಬಣ್ಣದ ಎಲೆ. ನಿಜವಾದ ಹೂ ಒಳಗಿರುವ ಪುಟ್ಟ ಬಿಳಿಯದು.

ಕುಂಡಕ್ಕೆ ನಿತ್ಯಪುಷ್ಪ ಸಾಕು. ಎರಡು ಮೂರು ವರ್ಷಕ್ಕೆ ಕಡ್ಡಿಯಾಗಿಬಿಡುತ್ತದೆ, ಅಷ್ಟರಲ್ಲಿ ಬೀಜ ಉದುರಿ ಸುತ್ತ ಮರಿ ಎದ್ದಿರುತ್ತವೆ. ನೀರು ನಿಂತರೆ ಮಾತ್ರ ಬುಡ ಕೊಳೆತು ಹೋಗುತ್ತದೆ. ಬೇಲಿ ಪಕ್ಕಕ್ಕೆ ನಮ್ಮ ತಂಗಡಿ ಹಾಕಿ ಅಂತ ಹೇಳಿದರೆ ಜನ ನಗುತ್ತಾರೆ, ರಸ್ತೆ ಬದಿಯ ಗಿಡ ಅಂತ. ಆದರೆ ಆ ಹಳದಿ ನರ್ಸರಿಯಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಅದನ್ನು ಕಿತ್ತು ನೆಟ್ಟರೆ ಬದುಕುವುದು ಕಷ್ಟ. ಬೀಜವನ್ನು ಕಲ್ಲಿಗೆ ಸ್ವಲ್ಪ ಉಜ್ಜಿ, ರಾತ್ರಿ ನೆನೆಸಿ, ಜಾಗದಲ್ಲೇ ಊರಿ.

ಜಾಗ ಇದ್ದರೆ ಗೋಸಂಪಿಗೆಯೂ ಇರಲಿ. ಕೊಂಬೆ ಮುರಿದು ತಂದು, ಹಾಲು ಒಣಗುವವರೆಗೆ ಒಂದು ವಾರ ನೆರಳಲ್ಲಿಟ್ಟು ನೆಡಿ. ಚಳಿಗಾಲದಲ್ಲಿ ಎಲೆಯೆಲ್ಲ ಉದುರಿಸಿ ಬೋಳಾಗಿ ನಿಲ್ಲುತ್ತದೆ, ಸತ್ತಿತು ಅಂದುಕೊಂಡು ನೀರು ಸುರಿಯಬೇಡಿ.

ಕನಕಾಂಬರ ಹಾಕುವ ಆಸೆ ಇದ್ದರೆ ಒಂದೇ ಗಿಡ, ಅದೂ ಪಾತ್ರೆ ತೊಳೆಯುವ ಕಡೆ ಅರೆನೆರಳಲ್ಲಿ. ಯಾವುದನ್ನೂ ಈ ಬಿಸಿಲಲ್ಲಿ ನೆಡಬೇಡಿ. ಈಗ ಗುಂಡಿ ತೋಡಿ ಬಿಟ್ಟಿರಿ, ಮುಂಗಾರಿನ ಎರಡು ಮಳೆ ಬೀಳಲಿ.