ಸೋಯಾ ಬೇರಲ್ಲಿ ಗಂಟು ಯಾಕೆ ಕಟ್ಟಿಲ್ಲ?

ಅಣ್ಣಾ, ಮೊದಲ ಸಲ ಸೋಯಾ ಹಾಕಿದ ಹೊಲ, ಕಡಲೆಗೆ ತಂದು ಉಳಿದಿದ್ದ ರೈಜೋಬಿಯಂ (ಬೇರಿನ ಗಂಟಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸೋ ಬ್ಯಾಕ್ಟೀರಿಯಾ) ಬೀಜಕ್ಕೆ ಹಚ್ಚಿ ಬಿತ್ತಿದ್ದೀರಿ. ಡಿಎಪಿ ಜೊತೆ ಎಕರೆಗೆ ಒಂದು ಚೀಲ ಯೂರಿಯಾನೂ ಕೊಟ್ಟಿದ್ದೀರಿ. 35 ದಿನ ಆದ್ರೂ ಗಂಟಿಲ್ಲ, ಈಗ ಎಲೆ ಹಳದಿ ತಿರುಗ್ತಿದೆ ಅಂದಿದ್ದೀರಿ. ಪ್ಯಾಕೆಟ್ ನಕಲಿ ಅಂತ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ಅಸಲಿ ಆಗಿದ್ರೂ ಕಡಲೆಯದು ಸೋಯಾಕ್ಕೆ ಗಂಟು ಕಟ್ಟಲ್ಲ.

ಸೋಯಾ ಬೇರು ಜೆನಿಸ್ಟೀನ್, ಡೈಡ್ಜೀನ್ ಅನ್ನೋ ವಸ್ತುಗಳನ್ನು ಮಣ್ಣಿಗೆ ಬಿಡುತ್ತದೆ. ಸೋಯಾಕ್ಕೆ ಒಗ್ಗುವ ಬ್ರಾಡಿರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ ಅದನ್ನು ಗುರುತಿಸಿ, ತನ್ನ ಕಡೆಯಿಂದ ನಾಡ್ ಫ್ಯಾಕ್ಟರ್ ಅನ್ನೋ ಸಂಕೇತ ವಸ್ತು ತಯಾರಿಸಿ ಬಿಡುತ್ತದೆ. ಇದು ನಾಲ್ಕೈದು ಕೊಂಡಿಯ ಸಕ್ಕರೆ ಸರಪಳಿ, ತುದಿಗೊಂದು ಕೊಬ್ಬಿನ ಬಾಲ. 1990ರಲ್ಲಿ ಫ್ರಾನ್ಸ್‌ನವರು ಲೂಸರ್ನ್ ಮೇವಿನ ಬ್ಯಾಕ್ಟೀರಿಯಾದಲ್ಲಿ ಇದರ ರಚನೆ ಬಿಡಿಸಿದರು. ಸರಪಳಿಗೆ ಅಂಟಿರುವ ಚೂರುಪಾರು ಒಂದೊಂದು ಜಾತಿಯ ಬ್ಯಾಕ್ಟೀರಿಯಾದಲ್ಲಿ ಒಂದೊಂದು ಥರ. ತನಗೆ ಹೊಂದುವ ನಾಡ್ ಫ್ಯಾಕ್ಟರ್ ಸಿಕ್ಕರೆ ಮಾತ್ರ ಬೇರು ಸ್ಪಂದಿಸುತ್ತದೆ, ಅದೂ ಅತಿ ಸ್ವಲ್ಪ ಸಾಕು. ಬೇರಿನ ರೋಮದ ತುದಿ ಸುರುಳಿ ಸುತ್ತಿ ಬ್ಯಾಕ್ಟೀರಿಯಾವನ್ನು ಹಿಡಿದುಕೊಳ್ಳುತ್ತದೆ. ಅಲ್ಲಿಂದ ಒಳಕ್ಕೆ ಸಣ್ಣ ನಳಿಗೆ ಬೆಳೆಯುತ್ತದೆ. ಅಷ್ಟರಲ್ಲೇ ಒಳಗಿನ ಕೋಶಗಳು ಎರಡಾಗಿ ನಾಲ್ಕಾಗಿ ಗಂಟು ಏಳುತ್ತದೆ. (ಶೇಂಗಾದ್ದು ಬೇರೆ ದಾರಿ. ಪಕ್ಕದ ಬೇರು ಹೊರಡುವಲ್ಲಿನ ಬಿರುಕಿನಿಂದ ಬ್ಯಾಕ್ಟೀರಿಯಾ ನುಗ್ಗುತ್ತವೆ.)

ಇನ್ನು ಯೂರಿಯಾ. 50 ಕೆಜಿ ಡಿಎಪಿ ಚೀಲದಲ್ಲೇ 9 ಕೆಜಿ ಸಾರಜನಕ ಇದೆ, 45 ಕೆಜಿ ಯೂರಿಯಾದಲ್ಲಿ ಸುಮಾರು 20. ಮಣ್ಣಲ್ಲಿ ಈ ಸಾರಜನಕ ನೈಟ್ರೇಟ್ ರೂಪದಲ್ಲಿ ಜಾಸ್ತಿ ಸಿಕ್ಕರೆ ಗಿಡವೇ ಗಂಟು ಕಟ್ಟೋದನ್ನು ತಡೆಯುತ್ತದೆ. ಬ್ಯಾಕ್ಟೀರಿಯಾ ಸಾಕೋದಕ್ಕೆ ಗಿಡ ತನ್ನ ಸಕ್ಕರೆ ಖರ್ಚು ಮಾಡಬೇಕಲ್ವಾ, ಸುಮ್ನೆ ಯಾಕೆ ಮಾಡುತ್ತೆ? ಹಾಗಾಗಿ ಸರಿಯಾದ ಪ್ಯಾಕೆಟ್ ಹಚ್ಚಿದ್ದರೂ ಇಷ್ಟು ಗೊಬ್ಬರಕ್ಕೆ ಗಂಟು ಕಮ್ಮಿಯೇ ಆಗ್ತಿತ್ತು.

ಈಗ ನಾಲ್ಕು ಕಡೆ ಗಿಡ ತೆಗೆದು ನೋಡಿ. ಕೀಳಬೇಡಿ, ಗಂಟು ಮಣ್ಣಲ್ಲೇ ಉಳಿಯುತ್ತದೆ. ಸಲಿಕೆಯಿಂದ ಅಗೆದು ಬಕೆಟ್ ನೀರಲ್ಲಿ ತೊಳೆಯಿರಿ. ಗಂಟು ಇದ್ದರೆ ಉಗುರಲ್ಲಿ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪು ಇದ್ದರೆ ಕೆಲಸ ಮಾಡ್ತಿದೆ. ಬಿಳಿ ಇದ್ದರೆ ಇನ್ನೂ ಎಳೆಯದು ಅಥವಾ ದಂಡ. ಉಜ್ಜಿದರೂ ಉದುರದೆ ಬೇರೇ ಊದಿಕೊಂಡಂತಿದ್ದರೆ ಅದು ಜಂತುಹುಳು, ಅದಕ್ಕೆ ಬೇರೆ ಮದ್ದು. ಒಂದೂ ಗಂಟಿಲ್ಲ ಅಂದ್ರೆ ಮಣ್ಣು ಹಸಿ ಇರುವಾಗ ಸ್ವಲ್ಪ ಯೂರಿಯಾ ಮೇಲುಗೊಬ್ಬರವಾಗಿ ಕೊಡಿ. ತಡೆಯೋಕೆ ಗಂಟೇ ಇಲ್ಲ, ಬೆಳೆಯಾದ್ರೂ ಉಳಿಯಲಿ.

ಮುಂದಿನ ಸಲ ಪ್ಯಾಕೆಟ್ ಮೇಲೆ ಸೋಯಾ ಅಂತ ಇದೆಯಾ, ಅವಧಿ ಮುಗಿದಿಲ್ವಾ ನೋಡಿ ತನ್ನಿ. ಬಿಸಿಲಲ್ಲಿ ಇಡಬೇಡಿ. ಶಿಲೀಂಧ್ರನಾಶಕ ಹಚ್ಚೋದಿದ್ದರೆ ಮೊದಲು ಅದು. ಒಣಗಿದ ಮೇಲೆ ಕೊನೆಗೆ ಆರಿದ ಬೆಲ್ಲದ ಪಾಕದಲ್ಲಿ ರೈಜೋಬಿಯಂ ಕಲಸಿ ಹಚ್ಚಿ, ನೆರಳಲ್ಲಿ ಆರಿಸಿ ಅವತ್ತೇ ಬಿತ್ತಿಬಿಡಿ. ಬೇರು ತೊಳೆದ ಮೇಲೆ ಫೋಟೋ ಹಾಕಿ, ನೋಡೋಣ.